ಅರಶಿನ ಎಲೆಯ ಕಡುಬು ಸೋರುವುದಕ್ಕೆ

ನಾಗರ ಪಂಚಮಿಗೆ ಮಾಡಿದ ಅರಶಿನ ಎಲೆ ಕಡುಬಿನ ಹಿಟ್ಟು ಹರಿದು ಹೋಯಿತು, ಬೆಲ್ಲವೂ ಸೋರಿತು ಎಂದು ಕೇಳಿದ್ದೀರಿ. ಕಾಸರಗೋಡು ಜಿಲ್ಲೆಯ ಬದಿಯಡ್ಕದ ನಮ್ಮ ಮನೆಯಲ್ಲೂ ಮೊದಲ ವರ್ಷ ಇದೇ ಕಥೆ, ಅಟ್ಟಿನಳಗೆ (ಹಬೆಯಲ್ಲಿ ಬೇಯಿಸುವ ಪಾತ್ರೆ) ತುಂಬಾ ಬೆಲ್ಲದ ನೀರು!

ತಪ್ಪು ನೀರಿನದ್ದು. ಬೆಳ್ತಿಗೆ ಅಕ್ಕಿಯನ್ನು (ಕುಸುಬಲು ಅಲ್ಲದ ಬಿಳಿ ಅಕ್ಕಿ) ನಾಲ್ಕು ಗಂಟೆ ನೆನೆಸಿ, ನೀರು ಪೂರ್ತಿ ಬಸಿದು, ಆದಷ್ಟು ಗಟ್ಟಿಯಾಗಿ ನುಣ್ಣಗೆ ರುಬ್ಬಿ. ಬೆರಳಲ್ಲಿ ಸವರಿದರೆ ಎಲೆಗೆ ಅಂಟಿ ನಿಲ್ಲಬೇಕು. ಮಿಕ್ಸಿಯಲ್ಲಿ ನೀರು ಜಾಸ್ತಿ ಆಯಿತಾ? ಬಾಣಲೆಗೆ ಹಾಕಿ ಸಣ್ಣ ಉರಿಯಲ್ಲಿ ಸ್ವಲ್ಪ ಕೈಯಾಡಿಸಿ, ಗಟ್ಟಿಯಾಗುತ್ತದೆ. ಕಾಯಿತುರಿ, ಬೆಲ್ಲವನ್ನು ಸುಮ್ನೆ ಕಲಸಿ ತುಂಬಬೇಡಿ. ನೀರು ಆರುವವರೆಗೆ ಕಾಯಿಸಿ, ಆಮೇಲೆ ಏಲಕ್ಕಿ. ಎಲೆಯನ್ನು ತೊಳೆದು ಒರೆಸಿ, ಹಿಟ್ಟು ತೆಳ್ಳಗೆ ಸವರಿ, ಹೂರಣವನ್ನು ನಡುವೆ ಮಾತ್ರ ಇಟ್ಟು ಉದ್ದಕ್ಕೆ ಮಡಚಿ. ಅಂಚಿಗೆ ಬೇಡ. ಅಟ್ಟಿನಳಗೆಯ ನೀರು ಕುದಿದ ಮೇಲೆಯೇ ಕಡುಬನ್ನು ಒಳಗಿಡಿ. ಇಪ್ಪತ್ತು ನಿಮಿಷ ಸಾಕು.

ಅರಶಿನ ಎಲೆ ಸಿಗದಿದ್ದರೆ ಬಾಳೆ ಎಲೆ ಬಾಡಿಸಿಕೊಳ್ಳಿ. ಇಲ್ಲಿ ಮಲಯಾಳಿ ನೆರೆಯವರ ಎಲೆ ಅಡೆಯೂ ಬಾಳೆ ಎಲೆಯಲ್ಲೇ. ರುಚಿಗೆ ಮೋಸವಿಲ್ಲ, ಆದರೆ ಆ ಘಮ ಬರುವುದಿಲ್ಲ. ಹಿಟ್ಟು ಸವರುವ ಕೆಲಸ ಮಕ್ಕಳಿಗೆ ಕೊಡಿ. ವಕ್ರವಾದದ್ದನ್ನು ಅವರೇ ಬಿಸಿಬಿಸಿ ತುಪ್ಪ ಹಾಕಿ ತಿನ್ನಲಿ, ಅಲ್ವಾ?