ಹಲ್ಲು ನೇರ ಮಾಡುವ ಬ್ರೇಸಸ್ (ತಂತಿ) ತೆಗೆಸಿದಾಗ ಖುಷಿಯಾಗಿದ್ದವರು ಎರಡು ವರ್ಷದ ನಂತರ ಯಾಕೆ ಬೇಸರಪಡುತ್ತಾರೆ?

ಹೆಚ್ಚಿನವರ ವಿಷಯದಲ್ಲಿ ಕಾರಣ ಒಂದೇ, ರಿಟೇನರ್ ಹಾಕುವುದನ್ನು ಬಿಟ್ಟಿರುತ್ತಾರೆ, ಹಲ್ಲು ಮತ್ತೆ ಸರಿದಿರುತ್ತದೆ. ತಂತಿ ಬಿಗಿ ಮಾಡಿಸಿದ ರಾತ್ರಿ ಚಪಾತಿ ಅಗಿಯಲಾಗದೆ ಮೊಸರನ್ನ ತಿಂದ ದಿನಗಳೆಲ್ಲ ಸುಮ್ನೆ ಹೋಯ್ತಲ್ಲ ಅನ್ನುವ ಸಂಕಟ ಅದು.

ರಿಟೇನರ್ ಅಂದರೆ ಸರಿಯಾದ ಹಲ್ಲನ್ನು ಅಲ್ಲೇ ಹಿಡಿದಿಡುವ ಪ್ಲಾಸ್ಟಿಕ್ ಅಚ್ಚು ಅಥವಾ ತಂತಿ. ಬ್ರೇಸಸ್‌ನಿಂದ ಹಲ್ಲು ಸರಿದಾಗ ವಸಡಿನ ನಾರುಗಳು ರಬ್ಬರ್ ಬ್ಯಾಂಡಿನ ಹಾಗೆ ಹಿಗ್ಗಿರುತ್ತವೆ, ಅವು ಹೊಸ ಜಾಗಕ್ಕೆ ಒಗ್ಗಲು ಒಂದು ವರ್ಷವೇ ಬೇಕಾಗಬಹುದು, ಅಷ್ಟರೊಳಗೆ ಬಿಟ್ಟರೆ ಹಲ್ಲನ್ನು ಹಳೇ ಜಾಗದ ಕಡೆಗೆ ಎಳೆಯುತ್ತವೆ. ತಿರುಚಿಕೊಂಡಿದ್ದ ಹಲ್ಲಿಗಂತೂ ಈ ಎಳೆತ ಜಾಸ್ತಿ. ಕೆಲವು ವಾರ ಬಿಟ್ಟು ಹಾಕಿದರೆ ರಿಟೇನರ್ ಬಿಗಿಯಾಗಿ ಕೂತು ನೋಯುತ್ತದಲ್ವಾ? ಹಲ್ಲು ಆಗಲೇ ಸರಿಯಲು ಶುರುವಾಗಿದೆ ಅಂತ. ಇದನ್ನು ವೈದ್ಯರು ಮೊದಲ ದಿನವೇ ಬಿಡಿಸಿ ಹೇಳಬೇಕು.