ಏಂಜಲ್ ಐಲ್ಯಾಂಡ್‌ನಲ್ಲಿ ಗುಡ್ಡ ಹತ್ತೋದು ಬಿಟ್ಟು ನೋಡೋಕೆ ಏನಿದೆ?

ಅಪ್ಪ ಅಮ್ಮ ಊರಿಂದ ಬಂದಿದ್ದಾರೆ, ಸ್ಯಾನ್ ಫ್ರಾನ್ಸಿಸ್ಕೋ ಕೊಲ್ಲಿಯ ಹಳೇ ಜೈಲು ದ್ವೀಪ ಆಲ್ಕಟ್ರಾಜ್‌ಗೆ ಟಿಕೆಟ್ ಸಿಗಲಿಲ್ಲ, ಪಕ್ಕದ ಏಂಜಲ್ ಐಲ್ಯಾಂಡ್‌ಗೆ ಹೋಗಬಹುದಾ ಅಂತ ಕೇಳಿದ್ದೀರಿ. ಖಂಡಿತ ಹೋಗಿ. ನನ್ನ ಕೇಳಿದರೆ ಟಿಕೆಟ್ ಸಿಗದಿದ್ದೇ ಒಳ್ಳೇದಾಯ್ತು.

ಆದರೆ ದೋಣಿ ಇಳಿದ ಕೂಡಲೇ ಗುಡ್ಡದ ಕಡೆ ಹೊರಡಬೇಡಿ. ಮೊದಲ ಸಲ ನಾನು ಹಾಗೇ ಮಾಡಿದೆ. ತುದಿ ಹತ್ತಿ, ಬುತ್ತಿ ಬಿಚ್ಚಿ, ಆರಾಮಾಗಿ ಇಳಿದು ಬರೋ ಹೊತ್ತಿಗೆ ಹಳೇ ಇಮಿಗ್ರೇಷನ್ ಸ್ಟೇಷನ್, ಅಂದರೆ ವಲಸೆ ಬಂದವರ ತಪಾಸಣಾ ಕೇಂದ್ರದ ಬಾಗಿಲು ಹಾಕಿದ್ದರು. ಅದರೊಳಗೆ ಕಾಲಿಟ್ಟಿದ್ದು ಇನ್ನೊಂದು ವರ್ಷ ಕಳೆದ ಮೇಲೆ.

1910ರಿಂದ 1940ರವರೆಗೆ ಪೆಸಿಫಿಕ್ ಸಾಗರ ದಾಟಿ ಬಂದವರನ್ನು ಇಲ್ಲಿ ತಡೆದು ವಿಚಾರಣೆ ಮಾಡುತ್ತಿದ್ದರು. ಚೀನಾದವರಿಗೇ ಕಾಟ ಜಾಸ್ತಿ. 1882ರ ಕಾಯ್ದೆ ಅಲ್ಲಿನ ಕೂಲಿಗಳು ಬರದ ಹಾಗೆ ಮಾಡಿತ್ತು, ವ್ಯಾಪಾರಿ, ವಿದ್ಯಾರ್ಥಿ ಇಂಥ ಕೆಲವರನ್ನು, ಇಲ್ಲಾ ಅಮೆರಿಕದ ಪ್ರಜೆಯ ಮಗ ಅಂತ ತೋರಿಸಿದವರನ್ನು ಬಿಡುತ್ತಿದ್ದರು. 1906ರ ಭೂಕಂಪದ ಬೆಂಕಿಯಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ದಾಖಲೆಗಳು ಸುಟ್ಟುಹೋಗಿದ್ದವು. ಯಾರು ಅಮೆರಿಕದಲ್ಲೇ ಹುಟ್ಟಿದವರು ಅಂತ ನೋಡೋಕೆ ಕಾಗದ ಇಲ್ಲದ್ದರಿಂದ ಸುಳ್ಳು ಹೇಳಿ ಬಂದವರೂ ಇದ್ದರು, ಅದಕ್ಕೇ ಪ್ರಶ್ನೆಗಳು ವಿಚಿತ್ರ. ನಿಮ್ಮನೆಗೆ ಎಷ್ಟು ಮೆಟ್ಟಿಲು? ಅಕ್ಕಿ ಎಲ್ಲಿ ಇಡ್ತೀರಿ? ಅದನ್ನೇ ಅಪ್ಪನಿಗೂ ಕೇಳಿ ತಾಳೆ ನೋಡುತ್ತಿದ್ದರು. ನಮ್ಮನೆ ಮೆಟ್ಟಿಲು ನಾನಂತೂ ಎಣಿಸಿಲ್ಲ.

ಬಂಧಿಗಳು ಮಲಗುತ್ತಿದ್ದ ಕೋಣೆಗಳ ಮರದ ಗೋಡೆ ಮೇಲೆ ಅವರೇ ಕೆತ್ತಿದ ಚೀನೀ ಪದ್ಯಗಳಿವೆ, 200ಕ್ಕೂ ಹೆಚ್ಚು. ಸಿಬ್ಬಂದಿ ಅದಕ್ಕೆ ಪುಟ್ಟಿ ಮೆತ್ತಿ ಬಣ್ಣ ಬಳಿದರು. ಮರ ಹಾಳಾಗದ ಹಾಗೆ ಕಾಪಾಡಿದ್ದು ಕೊನೆಗೆ ಅದೇ ಪುಟ್ಟಿ! ಗೋಡೆಗೆ ಹತ್ತಿರ ನಿಂತು ಓರೆಯಾಗಿ ನೋಡಿ, ಬಣ್ಣದಡಿ ಅಕ್ಷರದ ತಗ್ಗು ಕಾಣುತ್ತೆ. 1970ರಲ್ಲಿ ಕಟ್ಟಡ ಕೆಡವೋ ಯೋಚನೆ ಇದ್ದಾಗ ಅಲೆಕ್ಸಾಂಡರ್ ವೈಸ್ ಅನ್ನೋ ಪಾರ್ಕ್ ರೇಂಜರ್ ಇವನ್ನು ಗಮನಿಸಿದರು. ಇಲ್ಲದಿದ್ದರೆ ಎಲ್ಲ ಮಣ್ಣುಪಾಲು.

ನಮ್ಮ ಕಡೆಯವರೂ ಇಲ್ಲಿ ಕಾದಿದ್ದಾರೆ. 1915ರಲ್ಲಿ ಪೆಶಾವರದಿಂದ ಹೆಂಡತಿ, ಮೂರು ಗಂಡುಮಕ್ಕಳ ಜೊತೆ ಬಂದ ವೈಷ್ಣೋ ದಾಸ್ ಬಗಾಯ್ ಅವರ ಬಳಿ ಬೇಕಾದಷ್ಟು ಚಿನ್ನ ಇತ್ತು. ಆದರೂ ಕೆಲವು ದಿನ ಇಲ್ಲೇ ಕೂರಿಸಿದರು. ನಿಮ್ಮ ಅಪ್ಪನಿಗೆ ಈ ಕತೆ ಹೇಳಿ.

ಇನ್ನು ಕಾಡು. ನಮ್ಮೂರಿನ ನೀಲಗಿರಿ ಗೋಳು ಇಲ್ಲೂ ಇತ್ತು. ಸೈನ್ಯ ನೆಟ್ಟ ಆ ಮರಗಳನ್ನು 1990ರ ದಶಕದಲ್ಲಿ ದೊಡ್ಡ ಮಟ್ಟದಲ್ಲಿ ಕಡಿದು, ಸ್ಥಳೀಯ ಓಕ್, ಮಾಂಜನೀಟಾ ಗಿಡಗಳಿಗೆ ಜಾಗ ಬಿಟ್ಟರು. ಮಾಂಜನೀಟಾದ ಕೆಂಪು ತೊಗಟೆ ಮುಟ್ಟಿ ನೋಡಿ, ಎಣ್ಣೆ ಹಚ್ಚಿದ ಹಾಗೆ ನುಣುಪು. ಗುಡ್ಡದ್ದೂ ಒಂದು ಕತೆ ಇದೆ. 1950ರ ದಶಕದಲ್ಲಿ ಕ್ಷಿಪಣಿ ನೆಲೆಗಾಗಿ ಸೈನ್ಯ ಅದರ ತಲೆಯನ್ನೇ ಸವರಿ ಮಟ್ಟ ಮಾಡಿತ್ತು. 2002ರಲ್ಲಿ ಮಣ್ಣು ವಾಪಸ್ ಪೇರಿಸಿದರು, ಈಗ 788 ಅಡಿ.

ಅಪ್ಪ ಅಮ್ಮನಿಗೆ ಮಂಡಿ ನೋವಿದ್ದರೆ ಗುಡ್ಡ ಬೇಡ. ದ್ವೀಪದ ಸುತ್ತ ಸುಮಾರು 9 ಕಿ.ಮೀ. ರಸ್ತೆ ಇದೆ, ಅದರಲ್ಲೇ ಆದಷ್ಟು ದೂರ ನಡೆದು ವಾಪಸ್ ಬನ್ನಿ. ಎದುರು ದಡದ ಟಿಬ್ಯುರಾನ್ ಊರಿಂದ ದೋಣಿಯಲ್ಲಿ ಹತ್ತು-ಹದಿನೈದು ನಿಮಿಷ. ಸ್ಟೇಷನ್ ತೆರೆದಿರೋ ದಿನ ಮೊದಲೇ ನೋಡಿಕೊಳ್ಳಿ. ಗಾಳಿ ಜೋರು, ಸ್ವೆಟರ್ ಇರಲಿ. ಕೊನೇ ದೋಣಿ ಎಷ್ಟು ಹೊತ್ತಿಗೆ ಅಂತ ಇಳಿಯುವಾಗಲೇ ಕೇಳಿಕೊಳ್ಳಿ, ತಪ್ಪಿದರೆ ಕಷ್ಟ.