ಪ್ರೆಪ್ ಮಾತ್ರೆ ತಪ್ಪಿದ್ದನ್ನು ಮುಚ್ಚಿಡಬೇಡಿ

ನನ್ನ ಬಳಿ ತಪಾಸಣೆಗೆ ಬರುವ ಒಬ್ಬರ ಕಥೆ ಇದು, ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ. ಇವರು ಮೂವತ್ತು ದಾಟದ ಯುವಕ, ಗಂಡಸರ ಜೊತೆ ಸಂಬಂಧ ಇದೆ. ಎಚ್‌ಐವಿ ತಗುಲದಂತೆ ಕಾಯುವ ಪ್ರೆಪ್ ಮಾತ್ರೆ (ಟೆನೊಫೋವಿರ್, ಎಮ್‌ಟ್ರಿಸಿಟಾಬಿನ್ ಎರಡೂ ಒಂದರಲ್ಲೇ ಇರುವುದು) ಶುರು ಮಾಡಿದ್ದರು. ಮೂರು ತಿಂಗಳ ತಪಾಸಣೆಗೆ ಬಂದಾಗ "ದಿನಾ ತಗೊಳ್ತೀನಿ" ಎಂದರು. ನಾನು "ಕಳೆದ ವಾರ ಎಷ್ಟು ದಿನ ತಪ್ಪಿತು?" ಎಂದು ಕೇಳಿದೆ. ಆಗ ನಿಜ ಹೊರಬಂತು. ವಾರಕ್ಕೆ ನುಂಗುತ್ತಿದ್ದದ್ದು ಎರಡೋ ಮೂರೋ ಮಾತ್ರೆ ಅಷ್ಟೇ.

ಇದು ಇವರೊಬ್ಬರ ಕಥೆಯಲ್ಲ. ಆಫ್ರಿಕಾದ ಮಹಿಳೆಯರಲ್ಲಿ ನಡೆದ, 2012ರಲ್ಲಿ ಪ್ರಕಟವಾದ ಫೆಮ್-ಪ್ರೆಪ್ ಅಧ್ಯಯನದಲ್ಲಿ ಸುಮಾರು 95% ಮಂದಿ ಮಾತ್ರೆ ನುಂಗುತ್ತಿದ್ದೇವೆ ಎಂದಿದ್ದರು, ರಕ್ತ ನೋಡಿದರೆ ಇತ್ತೀಚೆಗೆ ನುಂಗಿದ ಗುರುತು 40%ಗಿಂತ ಕಡಿಮೆ ಮಂದಿಯಲ್ಲಿತ್ತು. ಬೈಸಿಕೊಳ್ಳುವ ಭಯ ಇದ್ದರೆ ಯಾರು ತಾನೇ ನಿಜ ಹೇಳುತ್ತಾರೆ?

ಇವರಿಗೆ ಮೊದಲು ವಾಕರಿಕೆ ಬಂದಿತ್ತು, ಆಮೇಲೆ ಕಿಡ್ನಿ ಹೋಗುತ್ತದೆ ಎಂದು ಎಲ್ಲೋ ಓದಿದರು, ಎಲ್ಲಕ್ಕಿಂತ ಜಾಸ್ತಿ ಕಾಡಿದ್ದು ರೂಮ್‌ಮೇಟ್ ಡಬ್ಬಿ ನೋಡಿ ಇವನಿಗೆ ಎಚ್‌ಐವಿ ಇದೆ ಅಂದುಕೊಂಡರೆ ಎನ್ನುವ ಚಿಂತೆ.

ವಾಕರಿಕೆ ಸಾಮಾನ್ಯವಾಗಿ ಮೊದಲ ತಿಂಗಳಲ್ಲೇ ಇಳಿಯುತ್ತದೆ, ರಾತ್ರಿ ಊಟದ ಜೊತೆ ತಗೊಳ್ಳಿ ಎಂದೆ. ಕಿಡ್ನಿಗೆ ತೊಂದರೆಯಾಗುವುದು ಅಪರೂಪ, ಆದರೂ ಕಿಡ್ನಿ ಹೇಗಿದೆ ಎಂದು ತೋರಿಸುವ ಕ್ರಿಯಾಟಿನಿನ್ ರಕ್ತಪರೀಕ್ಷೆ ಬಿಡಬಾರದು, ನೋವಿನ ಮಾತ್ರೆಗಳನ್ನು ದಿನಗಟ್ಟಲೆ ತಾವಾಗಿಯೇ ನುಂಗಬಾರದು. ಡಬ್ಬಿಯ ವಿಷಯಕ್ಕೆ ಸುಲಭ ದಾರಿ ಇತ್ತು: ಒಂದು ವಾರದ ಮಾತ್ರೆಗಳನ್ನು ಹೆಸರಿಲ್ಲದ ಪುಟ್ಟ ಡಬ್ಬಿಗೆ ಹಾಕಿ ಬ್ಯಾಗಿನಲ್ಲಿಡುವುದು, ಮೊಬೈಲ್ ಅಲಾರಂಗೆ ಬೇರೆ ಹೆಸರು ಕೊಡುವುದು.

ಒಂದು ವಿಷಯ ಮಾತ್ರ ಗಟ್ಟಿಯಾಗಿ ಹೇಳಿದೆ. ಮಾತ್ರೆ ತಪ್ಪಿದ ದಿನಗಳಲ್ಲಿ ಸೋಂಕು ತಗುಲಿ, ಅದು ಗೊತ್ತಿಲ್ಲದೆ ಮತ್ತೆ ಪ್ರೆಪ್ ಮುಂದುವರಿಸಿದರೆ ಈ ಎರಡು ಔಷಧಿ ವೈರಸ್ಸನ್ನು ಹತ್ತಿಕ್ಕಲು ಸಾಲವು. ವೈರಸ್ ಅವಕ್ಕೇ ಬಗ್ಗದಂತಾಗಬಹುದು, ಮುಂದೆ ಚಿಕಿತ್ಸೆಯೂ ಕಷ್ಟ. ಅದಕ್ಕೇ ಅಂದೇ ಎಚ್‌ಐವಿ ಪರೀಕ್ಷೆ ಮಾಡಿಸಿದೆವು. ನೆಗೆಟಿವ್ ಬಂತು. ಆದರೆ ತೀರಾ ಇತ್ತೀಚಿನ ಸೋಂಕು ಕಾಣದಿರಬಹುದು, ಹಾಗಾಗಿ ಇನ್ನೊಮ್ಮೆ ಪರೀಕ್ಷೆಗೆ ದಿನ ಗೊತ್ತು ಮಾಡಿದೆವು. ಹೆಪಟೈಟಿಸ್ ಬಿ ವರದಿಯನ್ನೂ ನೋಡಿದೆವು, ಅದಿದ್ದವರು ಪ್ರೆಪ್ ಅನ್ನು ದಿಢೀರನೆ ಬಿಟ್ಟರೆ ಲಿವರ್‌ನ ಆ ಸೋಂಕು ಕೆರಳಬಹುದು.

ಸಿಫಿಲಿಸ್, ಗೊನೊರಿಯಾದಂಥ ಲೈಂಗಿಕ ರೋಗಗಳು ಈ ಮಾತ್ರೆಗೆ ನಿಲ್ಲುವುದಿಲ್ಲ, ಕಾಂಡೋಮ್ ಬೇಕು. ಮತ್ತೆ ಎಂದಾದರೂ ಮಾತ್ರೆ ಬಿಟ್ಟ ದಿನಗಳಲ್ಲಿ ಕಾಂಡೋಮ್ ಇಲ್ಲದೆ ಸಂಬಂಧವಾದರೆ ಮುಂದಿನ ಭೇಟಿಯವರೆಗೆ ಕಾಯಬೇಡಿ, 72 ಗಂಟೆಯೊಳಗೆ, ಆದಷ್ಟು ಬೇಗ ಬನ್ನಿ, ಎಚ್‌ಐವಿ ತಡೆಯಲು 28 ದಿನಗಳ ತುರ್ತು ಚಿಕಿತ್ಸೆ ಇದೆ ಎಂದು ಹೇಳಿ ಕಳಿಸಿದೆ.